ರೆಸಿಸ್ಟರ್ ಓದೋಣ ಬನ್ನಿ, ಕನ್ನಡದಲ್ಲಿ

ಕಳೆದ ಭಾನುವಾರ ಶಹಾಡ್‌ನ ನಮ್ಮ ಮನೆಯಲ್ಲಿ ಒಂದು ಎಲ್‌ಇಡಿ ಸತ್ತುಹೋಯಿತು. ಐದನೇ ತರಗತಿಯ ಮಗಳು ಶಾಲೆಯ ಪ್ರಾಜೆಕ್ಟ್‌ಗೆಂದು ಅದರ ಎರಡು ಕಾಲುಗಳನ್ನು 9 ವೋಲ್ಟ್ ಬ್ಯಾಟರಿಗೆ ನೇರವಾಗಿ ಮುಟ್ಟಿಸಿದ್ದಳು. ಒಂದು ಕ್ಷಣ ಜೋರಾಗಿ ಬೆಳಗಿ ಆರಿಹೋಯಿತು.

"ಪಪ್ಪಾ, ಬ್ಯಾಟ್ರಿ ಖರಾಬ್ ಆಗೇತಿ" ಅಂದಳು, ಅಳುಮುಖ ಮಾಡಿಕೊಂಡು.

ಬ್ಯಾಟರಿ ಸರಿಯಾಗಿಯೇ ಇತ್ತು. ಇಲ್ಲದಿದ್ದದ್ದು ರೆಸಿಸ್ಟರ್. ನಮ್ಮ ಪಠ್ಯಪುಸ್ತಕಗಳು ಅದನ್ನು 'ರೋಧಕ' ಎನ್ನುತ್ತವೆ.

ಅದರ ಕೆಲಸ ಅರ್ಥವಾಗಬೇಕಾದರೆ ಸಂಜೆ ಕಲ್ಯಾಣ್ ಸ್ಟೇಷನ್ ನೆನಪಿಸಿಕೊಳ್ಳಿ. ಲೋಕಲ್‌ನಿಂದ ಇಳಿದ ಜನ ಹಿಂದಿನಿಂದ ತಳ್ಳುತ್ತಾರಲ್ಲ, ಆ ಒತ್ತಡವೇ ವೋಲ್ಟೇಜ್. ನಿಮಿಷಕ್ಕೆ ಎಷ್ಟು ಜನ ಮೆಟ್ಟಿಲು ಹತ್ತುತ್ತಾರೆ ಎಂಬುದು ಕರೆಂಟ್. ಮೆಟ್ಟಿಲು ಎಷ್ಟು ಇಕ್ಕಟ್ಟಾಗಿದೆ ಎಂಬುದು ರೆಸಿಸ್ಟೆನ್ಸ್. ಎಲ್‌ಇಡಿಗೆ ತನ್ನ ಕರೆಂಟನ್ನು ತಾನೇ ಹಿಡಿತದಲ್ಲಿಡಲು ಬರುವುದಿಲ್ಲ. ಅದರ ದಾರಿಯಲ್ಲಿ ನಾವೇ ಒಂದು ಇಕ್ಕಟ್ಟಾದ ಮೆಟ್ಟಿಲು ಇಡಬೇಕು.

ಎಷ್ಟು ಇಕ್ಕಟ್ಟು? ಜರ್ಮನಿಯ ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇಲ್ಲಿ ಸಾಕು: ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್. ಕೆಂಪು ಎಲ್‌ಇಡಿ ತನ್ನ ಪಾಲಿಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. 9ರಲ್ಲಿ 2 ಕಳೆದರೆ 7 ವೋಲ್ಟ್. ನಮಗೆ 15 ಮಿಲಿಆಂಪಿಯರ್, ಅಂದರೆ 0.015 ಆಂಪಿಯರ್ ಸಾಕು. 7 ಭಾಗಿಸು 0.015 ಅಂದರೆ ಸುಮಾರು 467 ಓಮ್. ಅಂಗಡಿಯಲ್ಲಿ ಅದಕ್ಕೆ ಹತ್ತಿರ ಸಿಗುವುದು 470 ಓಮ್, ಕಾಲು ವ್ಯಾಟ್‌ನದು.

ಗ್ರ್ಯಾಂಟ್ ರೋಡ್ ಸ್ಟೇಷನ್ ಹತ್ತಿರದ ಲ್ಯಾಮಿಂಗ್ಟನ್ ರೋಡಿನಿಂದ ಹಿಂದೊಮ್ಮೆ ತಂದಿಟ್ಟ ರೆಸಿಸ್ಟರ್ ಪೊಟ್ಟಣ ಮನೆಯಲ್ಲಿತ್ತು. ಆದರೆ ಅದರ ಮೈಮೇಲೆ ಅಂಕಿ ಇರುವುದಿಲ್ಲ, ಬಣ್ಣದ ಪಟ್ಟಿಗಳಿರುತ್ತವೆ. ಒಂದೊಂದು ಬಣ್ಣ ಒಂದೊಂದು ಅಂಕಿ. ನಾನು ಕಾಲೇಜಿನಲ್ಲಿ ಅದನ್ನು ಗಟ್ಟಿಮಾಡಿದ್ದು ಗ್ರೇಟ್ ಬ್ರಿಟನ್‌ನ ಬಿ. ಬಿ. ರಾಯ್ ಮತ್ತು ಅವರ ಹೆಂಡತಿಯ ಕುರಿತ ಇಂಗ್ಲಿಷ್ ವಾಕ್ಯದಿಂದ. ಅದರಲ್ಲಿ ಬ್ಲ್ಯಾಕ್, ಬ್ರೌನ್, ಬ್ಲೂ ಮೂರೂ 'ಬಿ'. ಯಾವುದು ಯಾವುದೆಂದು ಪರೀಕ್ಷೆಯಲ್ಲೂ ತಡವರಿಸಿದ್ದೆ.

ಮಗಳಿಗೆ ಹೇಳಿಕೊಡಲು ಈ ಸಲ ಬಣ್ಣಗಳನ್ನು ಕನ್ನಡದಲ್ಲಿ ಬರೆದೆ. ಬರೆದು ನಾನೇ ಬೆರಗಾದೆ.

ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3.
ಹಳದಿ 4, ಹಸಿರು 5.
ನೀಲಿ 6, ನೇರಳೆ 7.
ಬೂದು 8, ಬಿಳಿ 9.

ನಾಲ್ಕು ಕ, ಎರಡು ಹ, ಎರಡು ನ, ಎರಡು ಬ. ಯಾರೋ ಕೂತು ಹೊಂದಿಸಿದ ಹಾಗೆ! ಕ-ಕಂ-ಕೆ-ಕಿ, ಹ-ಹ, ನೀ-ನೇ, ಬೂ-ಬಿ. ಹಳದಿ ಮೊದಲೋ ಹಸಿರು ಮೊದಲೋ ಎಂಬ ಅನುಮಾನ ಬಂದರೆ ಕಾಮನಬಿಲ್ಲು ನೆನೆಯಿರಿ: ಕೆಂಪಿನಿಂದ ನೇರಳೆಯವರೆಗೆ ಅದೇ ಕ್ರಮ.

ಮೊದಲ ಎರಡು ಪಟ್ಟಿ ಅಂಕಿಗಳು, ಮೂರನೆಯದು ಎಷ್ಟು ಸೊನ್ನೆ ಎಂಬುದು. ಚಿನ್ನದ ಬಣ್ಣದ ಪಟ್ಟಿ ಕೊನೆಯದು, ಬೆಲೆ ಶೇ. 5ರಷ್ಟು ಆಚೀಚೆ ಇರಬಹುದು ಎಂದರ್ಥ. ಹಾಗಾದರೆ 470 ಅಂದರೆ 4, 7, ಒಂದು ಸೊನ್ನೆ: ಹಳದಿ, ನೇರಳೆ, ಕಂದು.

"ನೇರಳೆ ಅಂದ್ರೆ?" ಮಗಳು ಕೇಳಿದಳು. ನನಗೆ ಚುರುಕ್ಕೆಂದಿತು. ಮನೆಯಲ್ಲಿ ಕನ್ನಡವನ್ನೇ ಆಡುತ್ತೇವೆ, ಆದರೆ ಬಣ್ಣ ಮಾತ್ರ ಯಾವಾಗಲೋ ಇಂಗ್ಲಿಷಿಗೆ ಹೋಗಿಬಿಟ್ಟಿದೆ. 'ಆ ಪಿಂಕ್ ಡ್ರೆಸ್ ತಾ' ಎನ್ನುವವರು ನಾವೇ ಅಲ್ಲವೇ? ನಾನು ಉತ್ತರ ಹುಡುಕುವಷ್ಟರಲ್ಲಿ ಒಳಗಿನಿಂದ ಅವ್ವ ಹೇಳಿದಳು: "ನೇರಳೆ ಹಣ್ಣು ತಿಂದ್ರ ನಾಲಿಗಿ ಯಾವ ಬಣ್ಣ ಆಗತೈತಿ? ಅದ ಬಣ್ಣ."

"ಅಂದ್ರ ಜಾಂಭಳಾ!" ಮಗಳು ಕೂಗಿದಳು. ಮರಾಠಿಯಲ್ಲೂ ಜಾಂಭೂಳ್ ಹಣ್ಣಿನಿಂದಲೇ ಆ ಬಣ್ಣಕ್ಕೆ ಹೆಸರು. ಬದಲಾಪುರದ ಕಡೆಯ ಆ ಹಣ್ಣು ಅವಳಿಗೆ ಚೆನ್ನಾಗಿ ಗೊತ್ತು. ಅಜ್ಜಿ ಮೊಮ್ಮಗಳು ಸೇರಿ ಪೊಟ್ಟಣ ಸುರುವಿಕೊಂಡು ಹುಡುಕತೊಡಗಿದರು.

ಹುಡುಕುವಾಗ ಎಚ್ಚರ ಬೇಕು. ಮೂರನೇ ಪಟ್ಟಿ ಕಪ್ಪಾದರೆ ಅದು ಬರೀ 47 ಓಮ್. ಲೆಕ್ಕದ ಪ್ರಕಾರ ಕರೆಂಟ್ ಹತ್ತುಪಟ್ಟಾಗಿ ಇನ್ನೊಂದು ಎಲ್‌ಇಡಿ ಹೋಗುತ್ತದೆ. ಕೆಂಪಾದರೆ 4,700 ಓಮ್, ಬೆಳಕು ಮಂಕು. ಒಂದೇ ಪಟ್ಟಿಯ ವ್ಯತ್ಯಾಸ! ಕಂದೋ ಕೆಂಪೋ ಎಂದು ಕಣ್ಣಿಗೆ ತಿಳಿಯದಿದ್ದರೆ ಮಲ್ಟಿಮೀಟರ್ ಇಟ್ಟು ನೋಡಿ.

ಜೋಡಿಸುವುದು ಸುಲಭ. ಬ್ಯಾಟರಿಯ ಪ್ಲಸ್‌ನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದನೆಯ ಕಾಲು, ಗಿಡ್ಡ ಕಾಲಿನಿಂದ ಬ್ಯಾಟರಿಯ ಮೈನಸ್. ರೆಸಿಸ್ಟರಿಗೆ ಹಿಂದುಮುಂದಿಲ್ಲ, ಎಲ್‌ಇಡಿಗೆ ಇದೆ. ಉಲ್ಟಾ ಹಾಕಿದರೆ ಹತ್ತುವುದಿಲ್ಲ. ಮಕ್ಕಳ ಪ್ರಯೋಗವೆಲ್ಲ ಬ್ಯಾಟರಿಯಲ್ಲೇ ಇರಲಿ, ಗೋಡೆಯ ಪ್ಲಗ್ಗಿನ 230 ವೋಲ್ಟ್ ಹತ್ತಿರ ಬೇಡವೇ ಬೇಡ.

ಎಲ್‌ಇಡಿ ಹತ್ತಿತು. ಸೋಮವಾರ ಪ್ರಾಜೆಕ್ಟ್ ಶಾಲೆಗೆ ಹೋಯಿತು. ಈಗ ಮಗಳು ಮನೆಯಲ್ಲಿ ಕಂಡದ್ದಕ್ಕೆಲ್ಲ ನಂಬರ್ ಹಾಕುತ್ತಿದ್ದಾಳೆ: ಅಜ್ಜಿಯ ಹಸಿರು ಬಳೆ 5, ಬಿಳಿ ಕೂದಲು 9.

ಮುಂದಿನ ಸಂಚಿಕೆಯಲ್ಲಿ ಕೆಪ್ಯಾಸಿಟರ್. ಅಲ್ಲಿಯವರೆಗೆ ಮನೆಯ ಮಕ್ಕಳಿಗೊಂದು ಲೆಕ್ಕ ಕೊಡಿ: ಕಿತ್ತಳೆ, ಕಿತ್ತಳೆ, ಕೆಂಪು. ಎಷ್ಟು ಓಮ್? ಉತ್ತರ ಕನ್ನಡದಲ್ಲೇ ಹೇಳಬೇಕು.