ಹೊಲ ಊರಲ್ಲಿ, ಒಡೆಯ ಅಮೆರಿಕದಲ್ಲಿ



ನಾನು 34 ವರ್ಷ ಸರ್ಕಾರದಲ್ಲಿ ಇಂಜಿನಿಯರ್ ಆಗಿ ಕೆರೆ, ಕಾಲುವೆ, ರಸ್ತೆಗಳ ಕೆಲಸ ಮಾಡಿ ನಿವೃತ್ತನಾದವನು. ಈಗ ವರ್ಷದ ಹೆಚ್ಚಿನ ಕಾಲ ಅಮೆರಿಕದ ಟೆಕ್ಸಸ್‌ನಲ್ಲಿ ಮಗಳ ಮನೆಯಲ್ಲಿರುತ್ತೇನೆ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ಕಡೆಗಿರುವ ನಮ್ಮೂರಿನಲ್ಲಿ ಅಪ್ಪನಿಂದ ಬಂದ 4 ಎಕರೆ 12 ಗುಂಟೆ ಹೊಲವಿದೆ. ಒಬ್ಬರು ಪಾಲಿಗೆ ಮಾಡುತ್ತಾರೆ. ಮೆಕ್ಕೆಜೋಳ, ಶೇಂಗಾ ಬೆಳೆಯುತ್ತಾರೆ. ಕುಡ್ಲಿಗಿ, ಹಡಗಲಿ, ಹರಪನಹಳ್ಳಿ, ಎಲ್ಲಿ ನೋಡಿದರೂ ಈಗ ಇಂಥ ಹೊಲಗಳು ಬಹಳ. ಒಡೆಯ ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುತ್ತಾನೆ, ಹೊಲ ಇಲ್ಲಿರುತ್ತದೆ. ಅದಕ್ಕೇ ನನ್ನ ಅನುಭವವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೇನೆ.

ಕಳೆದ ಆಷಾಢದ ಒಂದು ರಾತ್ರಿ ಊರಿನಿಂದ ವಿಡಿಯೊ ಬಂತು. ಪಕ್ಕದ ಹೊಲದವರು ತಮ್ಮ ಜಮೀನನ್ನು ಇಟ್ಟಿಗೆ ಭಟ್ಟಿಯವನಿಗೆ ಮಣ್ಣು ತೆಗೆಯಲು ಬಿಟ್ಟಿದ್ದರು. ಜೆಸಿಬಿ ನಮ್ಮ ಬದುವಿನ ಬುಡದವರೆಗೂ ಏಳು ಅಡಿ ಆಳಕ್ಕೆ ನೆಟ್ಟಗೆ ಕಡಿದಿತ್ತು. ಮಳೆಗೆ ಬದು ಎರಡು ಕಡೆ ಕುಸಿದು, ಅಪ್ಪ ನೆಟ್ಟ ಹುಣಸೆಮರದ ಬೇರು ಹೊರಗೆ ಕಾಣುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಪಕ್ಕದ ಹೊಲದವರಿಗೆ ಫೋನು ಮಾಡಲಿಲ್ಲ. ಪರಿಚಯದ ಪೊಲೀಸ್ ಅಧಿಕಾರಿಯೊಬ್ಬರಿಗೆ ಮಾಡಿ, "ಸ್ವಲ್ಪ ಬಿಸಿ ಮುಟ್ಟಿಸಿ" ಎಂದೆ. ಮರುದಿನ ಆ ಹಿರಿಯರನ್ನು ಠಾಣೆಗೆ ಕರೆಸಿ ಬೆಳಿಗ್ಗೆಯಿಂದ ಸಂಜೆಯವರೆಗೆ ಹೊರಗೆ ಕೂರಿಸಿದರಂತೆ. ಅವರಿಗೆ ನನಗಿಂತ ಎರಡು ವರ್ಷ ಹೆಚ್ಚು ವಯಸ್ಸು. ನಾಲ್ಕು ದಿನ ಜೆಸಿಬಿ ನಿಂತಿತು. ಐದನೆಯ ದಿನ ಮತ್ತೆ ಶುರುವಾಯಿತು. ಭಟ್ಟಿಯವನು ಮುಂಗಡ ಕೊಟ್ಟಾಗಿತ್ತು, ಬಿಡುವುದೆಂತು?

ಇಲ್ಲೊಂದು ಮಾತು ಹೇಳಲೇಬೇಕು. ಅವರು ನಮ್ಮ ಸಮಾಜದವರಲ್ಲ, ಊರಾಚೆಯ ಕೇರಿಯವರು. ಆ ಬದುವಿನ ಆಚೆ ನಮ್ಮ ಬೀಗರ ಹೊಲವಿದ್ದಿದ್ದರೆ ನಾನು ಮೊದಲು ಪೊಲೀಸರಿಗೆ ಫೋನು ಮಾಡುತ್ತಿದ್ದೆನೇ? ಇಲ್ಲ. ಯಾರಾದರೂ ಹಿರಿಯರನ್ನು ಮುಂದೆ ಬಿಟ್ಟು, ಕೂತು ಮಾತಾಡೋಣ ಎನ್ನುತ್ತಿದ್ದೆ. ಬಸವ ಜಯಂತಿಯ ವೇದಿಕೆಗಳಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡಿದವನು ನಾನು. ಹತ್ತು ಸಾವಿರ ಮೈಲಿ ದೂರದಲ್ಲಿ ಕೂತಾಗ ಮಾತ್ರ ನನ್ನೊಳಗಿದ್ದ ಹಳೆಯ ಒಡೆತನ ಎದ್ದು ಕೂತಿತ್ತು.

ಪುಷ್ಯ ಮಾಸದಲ್ಲಿ ಊರಿಗೆ ಬಂದೆ. ವಕೀಲರೊಬ್ಬರು ದಾವೆ ಹೂಡೋಣ ಎಂದರು. ನನ್ನ ಕಡೆ ನ್ಯಾಯವಿತ್ತು ಎಂಬುದು ನಿಜ. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳ ಅನುಮತಿ ಬೇಕು. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮು ಇನ್ನೊಂದು ಮಾತು ಹೇಳುತ್ತದೆ: ನನ್ನ ನೆಲಕ್ಕೆ ಪಕ್ಕದ ನೆಲ ಸಹಜವಾಗಿ ಕೊಡುವ ಆಧಾರ ನನ್ನ ಹಕ್ಕು. ತನ್ನ ಹೊಲದಲ್ಲೇ ಅಗೆದರೂ ನನ್ನ ಮಣ್ಣು ಜಾರುವಂತೆ ಅಗೆಯುವ ಹಾಗಿಲ್ಲ. ಆದರೆ ದಾವೆಗೆ ಮೊದಲು ಅಳತೆಯಾಗಲಿ ಎಂದು ಹದ್ದುಬಸ್ತಿಗೆ ಅರ್ಜಿ ಹಾಕಿದೆ. ಅಳೆಯದೆ ಅಂದಾಜು ಬರೆಯುವ ಇಂಜಿನಿಯರ್ ಎಲ್ಲಿದ್ದಾನೆ?

ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು, ಎಲ್ಲರೆದುರು ಅಳೆದರು. ದಕ್ಷಿಣದ ಕಡೆ ಜೆಸಿಬಿ ನಮ್ಮ ಗಡಿಯೊಳಗೆ 60 ಅಡಿ ಉದ್ದ, 4 ಅಡಿ ಅಗಲ ನುಗ್ಗಿತ್ತು. ಅಂದರೆ 240 ಚದರಡಿ. ನಾನು ತಲೆಯಾಡಿಸಿದೆ. ಆಮೇಲೆ ಉತ್ತರದ ಮೂಲೆಯ ಬಾಂದು ಕಲ್ಲು ಹುಡುಕಿದರು. ಅದು ನಮ್ಮ ಬದುವಿನಿಂದ 9 ಅಡಿ ಈಚೆಗೆ, ನಮ್ಮ ಶೇಂಗಾ ಸಾಲಿನ ನಡುವೆ ಹೂತುಹೋಗಿತ್ತು. ಬದು ಅಲ್ಲಿಂದ 240 ಅಡಿ ಉದ್ದಕ್ಕೂ ವಾರೆಯಾಗಿ ಅವರ ಹೊಲದೊಳಗೆ ಸರಿದಿತ್ತು. ಅರ್ಧ, ಗುಣಿಸು 240, ಗುಣಿಸು 9: 1080 ಚದರಡಿ. ಗುಂಟೆಗೆ 1089 ಚದರಡಿ. ಹೆಚ್ಚುಕಡಿಮೆ ಒಂದು ಗುಂಟೆ ಅವರ ನೆಲವನ್ನು ನಾವು ಎಷ್ಟೋ ವರ್ಷದಿಂದ ಉಳುತ್ತಾ ಬಂದಿದ್ದೆವು. ಅವರು ನಮ್ಮಿಂದ ತೆಗೆದದ್ದರ ನಾಲ್ಕೂವರೆ ಪಟ್ಟು.

ವಕೀಲರು ನನ್ನ ಕಿವಿಯಲ್ಲಿ, "ಚಿಂತೆ ಬೇಡ ಸರ್. ಹನ್ನೆರಡು ವರ್ಷ ಮೀರಿದ ಅನುಭೋಗ, ಪ್ರತಿಕೂಲ ಸ್ವಾಧೀನ ಅಂತ ವಾದಿಸಬಹುದು" ಎಂದರು. ಆ ಕ್ಷಣ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದ ಶರಣೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ವಿಷಯದಲ್ಲೇ ಅಷ್ಟು ಎಚ್ಚರವಾದರೆ, ಇನ್ನೊಬ್ಬರ ಪಟ್ಟಾ ಜಮೀನಿನ ವಿಷಯದಲ್ಲಿ ನಾವು ಕಾಯ್ದೆಯ ಸಂದು ಹುಡುಕುವುದೇ?

ಆ ದಿನ ಹುಣಸೆಮರದ ನೆರಳಲ್ಲಿ ಅವರ ಜೊತೆ ಕೂತೆ. ಮೊದಲು ಠಾಣೆಯ ವಿಷಯಕ್ಕೆ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಸಾಹೇಬ್ರೆ, ಹೋದ ವರ್ಷ ನಿಮಗ ಎರಡು ಸಲ ಫೋನ್ ಹಚ್ಚಿದ್ದೆ. ನಿಮ್ಮ ಬೋರಿನ ನೀರು ಒಂದು ತಿಂಗಳು ಬಿಡ್ರಿ, ಬೆಳೆ ಉಳೀತೈತಿ ಅಂತ ಕೇಳಾಕ. ನೀವು ಎತ್ತಲಿಲ್ಲ. ಬೆಳೆ ಒಣಗಿತು. ಸಾಲದೋರು ಬಾಗಿಲಿಗೆ ಬಂದ್ರು. ಭಟ್ಟಿಯವನು ರೊಕ್ಕ ಹಿಡ್ಕೊಂಡು ಬಂದ."

ಗೊತ್ತಿಲ್ಲದ ನಂಬರು, ಅಲ್ಲಿ ನಡುರಾತ್ರಿ. ಎತ್ತಿರಲಿಲ್ಲ. ಅವರ ಮೇಲ್ಮಣ್ಣು ಹೋಯಿತು. ಅದು ತಲೆಮಾರುಗಳ ಫಲವತ್ತು. ಇಟ್ಟಿಗೆಯಾದ ಮಣ್ಣು ಮತ್ತೆ ಹೊಲವಾಗುವುದಿಲ್ಲ.

ನಾವು ಮಾಡಿಕೊಂಡ ಒಪ್ಪಂದ ಇಷ್ಟೇ. ಬಾಂದು ಕಲ್ಲಿದ್ದಲ್ಲಿಗೆ ಬದು ಸರಿಸಿ, ಅವರ ಗುಂಟೆ ಅವರಿಗೆ ಬಿಟ್ಟೆ. ಅವರು ಮಣ್ಣು ತೆಗೆಸುವುದನ್ನು ನಿಲ್ಲಿಸಿದರು. ಉಳಿದ ಮುಂಗಡ ಭಟ್ಟಿಯವನಿಗೆ ಹಿಂದಿರುಗಿಸಲು ನಾನು ಕೈಗಡ ಕೊಟ್ಟೆ. ಗಡಿಯ ಕಡೆ ಮಣ್ಣು ತುಂಬಿ, ಒಂದಕ್ಕೆ ಒಂದೂವರೆಯ ಇಳಿಜಾರು ಮಾಡಿ ಹುಲ್ಲು ಹಾಕಿಸಿದೆವು. ಬೋರಿನಿಂದ ಅವರ ಹೊಲಕ್ಕೆ ಪೈಪು ಎಳೆಸಿದೆ. ಎಲ್ಲವೂ ಸರಿಹೋಗಲಿಲ್ಲ. ಗುಂಡಿ ಇನ್ನೂ ಇದೆ. ಹುಣಸೆಮರ ಯುಗಾದಿಯ ಗಾಳಿಮಳೆಗೆ ಬಿತ್ತು.

ದೂರದಲ್ಲಿರುವ ನನ್ನಂಥವರಿಗೆ ಕೆಲವು ಮಾತು. ಅಪ್ಪನ ಹೆಸರಿನಲ್ಲೇ ಪಹಣಿ ಉಳಿದಿದ್ದರೆ ಪೌತಿ ಖಾತೆ ಮಾಡಿಸಿ. ಹೊರದೇಶದ ಪೌರತ್ವ ಪಡೆದವರೂ ಪಿತ್ರಾರ್ಜಿತ ಕೃಷಿ ಜಮೀನು ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಊರಿನವರಿಗೆ ಅಧಿಕಾರಪತ್ರ ಕೊಡುವುದಾದರೆ ಅಳತೆ, ಕಂದಾಯ, ಅರ್ಜಿ ಎಂದು ಕೆಲಸ ಹೆಸರಿಸಿ ಕೊಡಿ, ಮಾರುವ ಅಧಿಕಾರ ಸೇರಿಸಬೇಡಿ. ಭಾರತದ ದೂತಾವಾಸದಲ್ಲಿ ದೃಢೀಕರಿಸಿದ ಆ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರು ನೋಡಬಹುದು, ಆದರೆ ಅದು ಹದ್ದುಬಸ್ತಿಗೆ ಬದಲಿಯಲ್ಲ. ಯಾರಾದರೂ ನಿಮ್ಮನ್ನು ಹೊಲದಿಂದ ಹೊರಹಾಕಿದರೆ, ಒಡೆತನದ ಪ್ರಶ್ನೆಗೆ ಹೋಗದೆ ಸ್ವಾಧೀನ ಮರಳಿ ಕೇಳುವ ದಾವೆಗೆ ಆರೇ ತಿಂಗಳ ಅವಧಿ. ನಿದ್ದೆ ಮಾಡುವಂತಿಲ್ಲ. ಇವೆಲ್ಲಕ್ಕಿಂತ ಮೊದಲು, ಬದುವಿನ ಆಚೆಯವರ ಫೋನ್ ನಂಬರು ನಿಮ್ಮ ಹತ್ತಿರ ಇರಲಿ. ಅವರು ಕರೆದರೆ ಎತ್ತಿ.

ಮಠಗಳಲ್ಲಿಯೂ ಒಂದು ಬಿನ್ನಹ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರಗಳಂದು ಕುಳಿತು, ಜಾತಿ ನೋಡದೆ ಜನರ ವ್ಯಾಜ್ಯ ಆಲಿಸುತ್ತದೆ. ನಮ್ಮ ಐದೂ ತಾಲ್ಲೂಕುಗಳ ಮಠಗಳು ತಿಂಗಳಿಗೊಂದು ದಿನ ಇಂಥ ಕೆಲಸಕ್ಕೆ ಮೀಸಲಿಡಲಿ. ಒಂದೇ ಷರತ್ತು: ಕೇರಿಯವರೂ ಗೌಡರೂ ಒಂದೇ ಚಾಪೆಯ ಮೇಲೆ ಕೂರಬೇಕು, ಸರ್ವೆ ನಕಾಶೆ ಎಲ್ಲರೆದುರು ಬಿಚ್ಚಬೇಕು. ಒಪ್ಪಂದವಾದರೆ ಅದನ್ನು ಲೋಕ ಅದಾಲತ್ತಿಗೆ ಒಯ್ಯಲು ದಾರಿ ತೋರಿಸಬೇಕು. ಅಲ್ಲಿ ಆದ ತೀರ್ಮಾನಕ್ಕೆ ಸಿವಿಲ್ ಡಿಕ್ರಿಯ ಬಲವಿದೆ. ಮಠದ ಹೆಸರು ಹೇಳಿ ಬಡವರನ್ನು ಹೆದರಿಸುವವರಿಗೆ ಮಾತ್ರ ಅಲ್ಲಿ ಜಾಗವಿರಬಾರದು.

ಹೊರದೇಶದಿಂದ ನಾವು ರಥಕ್ಕೆ, ಕಲ್ಯಾಣಮಂಟಪಕ್ಕೆ ದೇಣಿಗೆ ಕಳಿಸುತ್ತೇವೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುತ್ತೇವೆ. ಈ ವರ್ಷ ನಾನು ನಿಲ್ಲಿಸಿದ ಕಲ್ಲು ಒಂದೇ, ಉತ್ತರದ ಮೂಲೆಯ ಬಾಂದು ಕಲ್ಲು. ಅದರ ಮೇಲೆ ಯಾರ ಹೆಸರೂ ಇಲ್ಲ. ನೀವೂ ಊರಿಗೆ ಬಂದಾಗ ನಿಮ್ಮ ಹೊಲದ ಬಾಂದು ಕಲ್ಲು ಎಲ್ಲಿದೆ ಎಂದು ಒಮ್ಮೆ ಹುಡುಕಿ ನೋಡಿ.