ಕೃಪಾಂಕದ ತೇರ್ಗಡೆಯೂ ಪ್ರಾಮಾಣಿಕವಾದ ಸೋಲೂ

2024ರ ಮೇ 9ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ, ಹಿಂದಿನ ವರ್ಷ ಹದಿನೆಂಟನೆಯ ಸ್ಥಾನದಲ್ಲಿದ್ದ ಉಡುಪಿ ಜಿಲ್ಲೆ ಶೇಕಡಾ 94ರ ಉತ್ತೀರ್ಣತೆಯೊಡನೆ ರಾಜ್ಯಕ್ಕೇ ಪ್ರಥಮವೆನಿಸಿತು. ಬೈಂದೂರು, ಕುಂದಾಪುರ, ಬ್ರಹ್ಮಾವರಗಳ ನಾವೆಲ್ಲರೂ ಆ ಕೀರ್ತಿಯಲ್ಲಿ ನಮ್ಮ ಪಾಲನ್ನು ಎಣಿಸಿಕೊಂಡು ಹಿಗ್ಗಿದೆವು. ಹಿಗ್ಗುವುದು ಸಹಜವೇ ಸರಿ. ಆದರೆ ಅದೇ ದಿನ ರಾಜ್ಯದ ಒಟ್ಟು ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿದಿತ್ತೆಂಬುದನ್ನೂ, ಈ 73.40 ಕೂಡ ಕೃಪಾಂಕಗಳನ್ನು ಧಾರಾಳವಾಗಿ ಹಂಚಿದ ಮೇಲೆ ದೊರೆತ ಅಂಕಿಯೇ ಹೊರತು, ಹಾಗೆ ಹಂಚದಿದ್ದರೆ ಅದು 54ರ ಆಸುಪಾಸಿನಲ್ಲಿಯೇ ನಿಲ್ಲುತ್ತಿತ್ತೆಂಬುದನ್ನೂ, ನಮ್ಮ ಹರ್ಷದ ಗದ್ದಲದಲ್ಲಿ ನಾವು ಸಾವಧಾನವಾಗಿ ಆಲೋಚಿಸಲಿಲ್ಲ.

ಒಂದೇ ವರ್ಷದಲ್ಲಿ ಕನ್ನಡನಾಡಿನ ಮಕ್ಕಳ ಬುದ್ಧಿ ಇಷ್ಟು ಕುಂದಿತೆಂದು ಯಾರೂ ನಂಬಲಾರರು. ಬದಲಾದದ್ದು ಪರೀಕ್ಷೆಯ ಕೊಠಡಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಆ ವರ್ಷ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿರಿಸಿ, ವೆಬ್‌ಕಾಸ್ಟಿಂಗ್ ಮೂಲಕ ಅಧಿಕಾರಿಗಳು ದೂರದಿಂದಲೇ ನೋಡತಕ್ಕ ಏರ್ಪಾಟನ್ನು ಮಾಡಿತ್ತು. 2023ರಲ್ಲಿ ಶೇಕಡಾ 96.80ರೊಡನೆ ಅಗ್ರಸ್ಥಾನದಲ್ಲಿದ್ದ ಚಿತ್ರದುರ್ಗವು 2024ರಲ್ಲಿ ಇಪ್ಪತ್ತೊಂದನೆಯ ಸ್ಥಾನಕ್ಕೆ ಇಳಿಯಿತು. ಯಾವ ಜಿಲ್ಲೆಯವರನ್ನೂ ಹಳಿಯುವುದಕ್ಕಾಗಿ ಈ ಮಾತನ್ನು ಎತ್ತಿಲ್ಲ. ನಾವು ವರ್ಷವರ್ಷವೂ ಪೂಜಿಸುತ್ತ ಬಂದ ಅಂಕಿಗಳು ಎಷ್ಟು ನೆಚ್ಚತಕ್ಕವೆಂಬ ಪ್ರಶ್ನೆ ಎಲ್ಲ ಜಿಲ್ಲೆಗಳದೂ ಆಗಿದೆ, ಅಗ್ರಸ್ಥಾನವನ್ನು ಪಡೆದ ನಮ್ಮದಂತೂ ಮೊದಲು ಆಗಿದೆ.

ಇಷ್ಟಾದ ಮೇಲೆ ಸರಕಾರ ಮಾಡಿದ್ದೇನು? ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯುವುದಕ್ಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿ, ಹತ್ತಿರ ಹತ್ತಿರ ಒಂದು ಲಕ್ಷ ಎಪ್ಪತ್ತು ಸಾವಿರ ಮಕ್ಕಳನ್ನು ತೇರ್ಗಡೆಗೊಳಿಸಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಇದಕ್ಕೆ ಅಸಮಾಧಾನವನ್ನು ಸೂಚಿಸಿದ ಮೇಲೆ ಮರುವರ್ಷ ಆ ಪದ್ಧತಿ ನಿಂತಿತು; 2025ರಲ್ಲಿ ಕೃಪಾಂಕವಿಲ್ಲದೆ ಬಂದ ಒಟ್ಟು ಫಲಿತಾಂಶ 62.34. ನಮ್ಮ ಜಿಲ್ಲೆ 89.96ರೊಡನೆ ದಕ್ಷಿಣ ಕನ್ನಡದ ಹಿಂದೆ ಎರಡನೆಯದಾಯಿತು; ಕಲಬುರಗಿ 42.43ರೊಡನೆ ಕಡೆಯದಾಯಿತು. ಇಲ್ಲಿಗಾದರೂ ಸತ್ಯವನ್ನು ಎದುರಿಸುವ ಧೈರ್ಯ ನಮಗೆ ಬಂದಿತೆಂದುಕೊಳ್ಳುವಷ್ಟರಲ್ಲಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ತೇರ್ಗಡೆಯ ಮಿತಿಯನ್ನು ಒಟ್ಟು ಅಂಕಗಳ ಶೇಕಡಾ 35ರಿಂದ 33ಕ್ಕೆ, ಅಂದರೆ 625ರಲ್ಲಿ 206ಕ್ಕೆ, ಇಳಿಸುವ ತೀರ್ಮಾನವು ಹೊರಬಿತ್ತು.

ಈ ಇಳಿಕೆಯನ್ನು ಸಮರ್ಥಿಸುವವರ ವಾದವು ನಿರ್ಲಕ್ಷಿಸತಕ್ಕದ್ದಲ್ಲ. ಕೇಂದ್ರೀಯ ಮಂಡಳಿಯಲ್ಲಿ 33 ಸಾಲುವುದಾದರೆ ನಮ್ಮ ಬಡಮಕ್ಕಳಿಗೇಕೆ 35 ಬೇಕು, ಎರಡು ಅಂಕಗಳ ಕೊರತೆಯಿಂದ ಹಳ್ಳಿಯ ಹುಡುಗಿಯೊಬ್ಬಳ ಓದು ಅಲ್ಲಿಗೇ ಮುಗಿದು ಮದುವೆಯ ಮಾತು ಪ್ರಾರಂಭವಾಗುವುದು ನ್ಯಾಯವೇ, ಎಂದು ಅವರು ಕೇಳುತ್ತಾರೆ. ಅವರ ಕರುಣೆಯು ನಿಜವಾದದ್ದೇ. 35 ಎಂಬ ಸಂಖ್ಯೆಯಲ್ಲಿ ದೈವತ್ವವಾಗಲಿ 33ರಲ್ಲಿ ಪಾಪವಾಗಲಿ ಇಲ್ಲವೆಂಬುದನ್ನೂ ನಾನು ಒಪ್ಪುತ್ತೇನೆ. ಆದರೆ ಮಗುವು ಕಲಿಯಲಿಲ್ಲವೆಂದು ತಿಳಿದ ಕ್ಷಣದಲ್ಲಿ ಕಲಿಸುವ ಮಾರ್ಗವನ್ನು ಹುಡುಕದೆ ಅಳೆಯುವ ಕೋಲನ್ನು ಗಿಡ್ಡಗೊಳಿಸುವುದು ಕರುಣೆಯ ವೇಷವನ್ನು ತೊಟ್ಟ ಉಪೇಕ್ಷೆ. ಆ ಹುಡುಗಿಯು ಮುಂದೆ ಪಿಯುಸಿಯ ಬೆಂಚಿನಲ್ಲಿ ಕುಳಿತು ಪಾಠ ತಿಳಿಯದೆ ಮೌನವಾಗಿ ಬಳಲುವಾಗ ಅವಳ ಪಕ್ಕದಲ್ಲಿ ನಿಲ್ಲುವುದಕ್ಕೆ ಯಾವ ಕೃಪಾಂಕವೂ ಬಾರದು.

ಹಾಗಾದರೆ ಕ್ಯಾಮೆರಾಗಳೇ ಸಾಕೇ? ಸಾಲವು. ಪರೀಕ್ಷೆಯ ಕೊಠಡಿಯಲ್ಲಿ ನಕಲು ನಿಲ್ಲಲೇಬೇಕು, ಆದ್ದರಿಂದ ಈ ಏರ್ಪಾಟನ್ನು ಸಡಿಲಿಸಬಾರದೆಂಬುದು ನನ್ನ ಸ್ಪಷ್ಟಾಭಿಪ್ರಾಯ. 2019ರಲ್ಲಿ ಹಾವೇರಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳ ತಲೆಗೆ ರಟ್ಟಿನ ಡಬ್ಬಗಳನ್ನು ತೊಡಿಸಿ ಪರೀಕ್ಷೆ ಬರೆಯಿಸಿದ ಲಜ್ಜಾಸ್ಪದ ಪ್ರಸಂಗವನ್ನು ಕಂಡವರಿಗೆ, ಎಲ್ಲರನ್ನೂ ಸಮಾನವಾಗಿ ನೋಡುವ ಕ್ಯಾಮೆರಾವು ಎಷ್ಟೋ ಮರ್ಯಾದೆಯದೆಂದೇ ತೋರೀತು. ಆದರೂ ಕಾವಲಿನಿಂದ ನಕಲು ನಿಲ್ಲಬಹುದಲ್ಲದೆ ಸತ್ಯಸಂಧತೆ ಹುಟ್ಟಲಾರದು. ಮಾರ್ಚ್ ತಿಂಗಳಿನ ಕೆಲವು ದಿನಗಳಲ್ಲಿ ಮಗುವು ಪ್ರಾಮಾಣಿಕವಾಗಿರಬೇಕೆಂದು ಅಪೇಕ್ಷಿಸುವ ನಾವು, ಜೂನ್‌ನಿಂದ ಫೆಬ್ರುವರಿಯವರೆಗೆ ಅದಕ್ಕೆ ಕಲಿಸಿದ್ದೇನು?

ನಮ್ಮ ಮನೆಗಳ ಒಳಗೇ ನೋಡೋಣ. ಶಾಲೆಯಿಂದ ಪ್ರಾಜೆಕ್ಟಿನ ಆಜ್ಞೆಯಾದ ಸಂಜೆಯೇ ತಂದೆಯು ಪೇಟೆಯ ಅಂಗಡಿಗೆ ಹೋಗಿ ಚಿತ್ರಗಳನ್ನೂ ವಿವರಣೆಯನ್ನೂ ಅಚ್ಚುಹಾಕಿಸಿ ತರುತ್ತಾನೆ. ತಾಯಿಯು ಕತ್ತರಿಸಿ ಅಂಟಿಸುತ್ತಾಳೆ. ಅಕ್ಕನು ದುಂಡಗಿನ ಅಕ್ಷರಗಳಲ್ಲಿ ಶೀರ್ಷಿಕೆಯನ್ನು ಬರೆಯುತ್ತಾಳೆ. ಮಗುವು ಮುಖಪುಟದಲ್ಲಿ ತನ್ನ ಹೆಸರನ್ನು ಬರೆದು ಒಪ್ಪಿಸುತ್ತದೆ. ಈಗಂತೂ ಮೊಬೈಲನ್ನು ಕೇಳಿದರೆ ನಿಬಂಧವೇ ಸಿದ್ಧವಾಗಿ ಬರುತ್ತದೆ. ಉಪಾಧ್ಯಾಯರಿಗೆ ಇದೆಲ್ಲವೂ ತಿಳಿದಿದೆ; ಆದರೂ 20 ಅಂಕಗಳ ಆಂತರಿಕ ಮೌಲ್ಯಮಾಪನದಲ್ಲಿ ಅಂಕ ಕಡಿತ ಮಾಡಿದರೆ ತಂದೆತಾಯಿಗಳ ದೂರು, ಶಾಲೆಯ ಶೇಕಡಾವಾರಿನ ಚಿಂತೆ, ಮೇಲಿನವರ ಪ್ರಶ್ನೆ; ಆದ್ದರಿಂದ ಕಣ್ಣುಮುಚ್ಚಿ ಅಂಕ ಹಾಕುವುದೇ ಲೇಸೆಂಬ ಸ್ಥಿತಿಗೆ ಅನೇಕರು ತಲುಪಿದ್ದಾರೆ. ಹೀಗೆ ಹಿರಿಯರೆಲ್ಲ ಸೇರಿ ಮಗುವಿಗೆ ಕಲಿಸುವ ಮೊದಲನೆಯ ಪಾಠವೆಂದರೆ, ತಾನು ಮಾಡದ ಕೆಲಸಕ್ಕೆ ತನ್ನ ಹೆಸರನ್ನು ಬರೆಯುವುದು ಲೋಕರೂಢಿ ಎಂಬುದು.

ನಕಲು ಮಾಡಿದ ಪುಸ್ತಕದಿಂದ ಆಗುವ ನಷ್ಟ ಎಂಥದೆಂಬುದನ್ನು ಒಂದು ಲೆಕ್ಕದಿಂದಲೇ ತೋರಿಸಬಹುದು. ಅರ್ಧಕ್ಕೆ ಮೂರರಲ್ಲಿ ಒಂದು ಭಾಗವನ್ನು ಕೂಡಿಸೆಂದಾಗ ಮಗುವು ಮೇಲಿನ ಅಂಕಿಗಳನ್ನು ಮೇಲಿನವುಗಳೊಡನೆಯೂ ಕೆಳಗಿನವುಗಳನ್ನು ಕೆಳಗಿನವುಗಳೊಡನೆಯೂ ಕೂಡಿಸಿ, ಐದರಲ್ಲಿ ಎರಡು ಭಾಗವೆಂದು ಬರೆಯುತ್ತದೆ. ಉತ್ತರ ತಪ್ಪು. ಆದರೆ ಬಲ್ಲ ಉಪಾಧ್ಯಾಯನಿಗೆ ಆ ತಪ್ಪಿನಲ್ಲಿ ಮಗುವಿನ ಆಲೋಚನೆಯ ದಾರಿಯೇ ಕಾಣುತ್ತದೆ. ಭಿನ್ನರಾಶಿಯ ಮೇಲಿನ ಅಂಕಿಯೂ ಕೆಳಗಿನ ಅಂಕಿಯೂ ಕೂಡಿ ಒಂದೇ ಪ್ರಮಾಣವನ್ನು ಸೂಚಿಸುತ್ತವೆಂಬುದು ಅದಕ್ಕೆ ಇನ್ನೂ ಹೊಳೆದಿಲ್ಲವೆಂದು ಆತನು ಕೂಡಲೇ ಗ್ರಹಿಸಿ, ‘ಅರ್ಧಕ್ಕೆ ಮತ್ತಷ್ಟನ್ನು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತಲ್ಲ, ಹೇಗೆ?’ ಎಂದು ಒಂದೇ ಪ್ರಶ್ನೆಯನ್ನು ಕೇಳುತ್ತಾನೆ. ಆ ಪ್ರಶ್ನೆಗೆ ಮಗುವು ಕಣ್ಣರಳಿಸುವ ಹೊತ್ತೇ ಕಲಿಕೆಯ ಹೊತ್ತು. ಪಕ್ಕದವನ ಪುಸ್ತಕವನ್ನು ನೋಡಿ ಆರರಲ್ಲಿ ಐದು ಭಾಗವೆಂದು ಬರೆದ ಮಗುವಿಗಾದರೋ ಕೆಂಪು ಶಾಯಿಯ ಸರಿ ಗುರುತು ಬೀಳುತ್ತದೆ. ಅಜ್ಞಾನವು ಹಾಗೆಯೇ ಉಳಿಯುತ್ತದೆ. ಅದನ್ನು ತಿದ್ದುವ ಅವಕಾಶವನ್ನು ಆ ಸರಿ ಗುರುತೇ ಕಸಿದುಕೊಂಡಿರುತ್ತದೆ. ಆದ್ದರಿಂದ ಪ್ರಾಮಾಣಿಕವಾದ ತಪ್ಪು ವಿದ್ಯೆಯ ಸಾಧನ, ಎರವಲು ತಂದ ಸರಿ ವಿದ್ಯೆಯ ವಿಘ್ನ.

ನಮ್ಮ ನೆಲದ ಕಲೆಯೊಂದು ಇದನ್ನು ಬಹುಕಾಲದಿಂದ ಬಲ್ಲುದು. ಹಾರಾಡಿ, ಮಟಪಾಡಿಗಳ ಪರಂಪರೆಯ ಈ ಸೀಮೆಯಲ್ಲಿ ಯಕ್ಷಗಾನದ ಹೆಜ್ಜೆಯನ್ನು ಕಲಿಯುವ ಹುಡುಗನು ತಾಳ ತಪ್ಪಿದರೆ ಅದು ಮದ್ದಳೆಯವನಿಗೂ ಭಾಗವತನಿಗೂ ಜೊತೆಯ ಹುಡುಗರಿಗೂ ಕೂಡಲೇ ಕೇಳಿಸುತ್ತದೆ, ಮುಚ್ಚುವ ಉಪಾಯವಿಲ್ಲ. ಅಲ್ಲಿ ತಪ್ಪಿದವನನ್ನು ಹೊರಗೆ ಕಳುಹಿಸುವುದಿಲ್ಲ, ತಪ್ಪಲಿಲ್ಲವೆಂದು ಹೊಗಳುವುದೂ ಇಲ್ಲ. ಅದೇ ಹೆಜ್ಜೆಯನ್ನು ಮತ್ತೆ ಹಾಕಿಸುತ್ತಾರೆ. ಶಾಲೆಯಲ್ಲಿ ನಾವು ಈ ಎರಡನ್ನೂ ತಲೆಕೆಳಗು ಮಾಡಿದ್ದೇವೆ: ತಪ್ಪನ್ನು ಮರೆಮಾಡುತ್ತೇವೆ, ಮರೆಮಾಡಲಾರದೆ ಹೋದಾಗ ತಪ್ಪಿದವನನ್ನು ಹೊರಗೆ ಹಾಕುತ್ತೇವೆ.

ಈ ವಿಪರ್ಯಾಸದ ಬೇರು ಶಾಲೆಯ ಮಾನವನ್ನು ಮಗುವಿನ ಕಲಿಕೆಗಿಂತ ದೊಡ್ಡದೆಂದು ಭಾವಿಸಿದಲ್ಲಿದೆ. ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡ ಪ್ರಸಂಗವನ್ನು ನಾವೆಲ್ಲರೂ ಬಲ್ಲೆವು: ಹೈಸ್ಕೂಲಿನ ಮೊದಲನೆಯ ವರ್ಷದಲ್ಲಿ ಜೈಲ್ಸ್ ಎಂಬ ಇನ್ಸ್‌ಪೆಕ್ಟರರು ಬಂದು ಐದು ಇಂಗ್ಲಿಷ್ ಪದಗಳನ್ನು ಬರೆಯಿಸಿದಾಗ ಬಾಲಕ ಮೋಹನದಾಸನು ‘ಕೆಟಲ್’ ಎಂಬ ಪದವನ್ನು ತಪ್ಪಾಗಿ ಬರೆದನು, ಪಕ್ಕದವನ ಸ್ಲೇಟನ್ನು ನೋಡಿ ತಿದ್ದಿಕೊಳ್ಳೆಂದು ಉಪಾಧ್ಯಾಯರು ಬೂಟಿನ ತುದಿಯಿಂದ ತಿವಿದು ಸೂಚಿಸಿದರೂ ಅವನಿಗೆ ಅದು ತಿಳಿಯಲೇ ಇಲ್ಲ. ಈ ಪ್ರಸಂಗದಲ್ಲಿ ನಾವು ಬಾಲಕನ ಸತ್ಯನಿಷ್ಠೆಯನ್ನು ಕೊಂಡಾಡುತ್ತೇವೆ, ಉಪಾಧ್ಯಾಯರ ಬೂಟನ್ನು ಮರೆಯುತ್ತೇವೆ. ನಕಲನ್ನು ಹೇಳಿಕೊಟ್ಟವರು ಅಲ್ಲಿ ಉಪಾಧ್ಯಾಯರೇ. ಹೇಳಿಕೊಟ್ಟದ್ದು ಇನ್ಸ್‌ಪೆಕ್ಟರರ ಮುಂದೆ ತರಗತಿಯ ಮಾನ ಉಳಿಯಲೆಂದು. 2016ರಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಒಂದಲ್ಲ, ಎರಡು ಸಲ ಸೋರಿದಾಗಲೂ ಅದನ್ನು ಹೊರಗೆಡಹಿದವರು ಮಕ್ಕಳಲ್ಲ. ಹಗಲಿರುಳು ಓದಿದ ಮಕ್ಕಳು ಮಾತ್ರ ಪರೀಕ್ಷೆಗಾಗಿ ಏಪ್ರಿಲ್‌ವರೆಗೆ ಕಾಯಬೇಕಾಯಿತು.

ಇನ್ನು ಸೋತವರ ವಿಷಯ. ಫಲಿತಾಂಶದ ದಿನ ನಮ್ಮ ಕಡೆ ದಾರಿಯಲ್ಲಿ ಸಿಕ್ಕವರೆಲ್ಲರೂ ಕೇಳುವುದು ‘ಮಾಣಿಗೆ ಎಷ್ಟ್ ಬಂತ್?’ ಎಂದೇ, ಎಂತ ಕಲಿತ ಎಂದು ಕೇಳುವವರಿಲ್ಲ. ಶೇಕಡಾ 94 ಬಂದ ಊರಿನಲ್ಲಿ ಉಳಿದ ಆರರೊಳಗೆ ಸೇರಿದ ಮಗುವಿನ ಸ್ಥಿತಿ, 42 ಬಂದ ಊರಿನ ಮಗುವಿನ ಸ್ಥಿತಿಗಿಂತ ಎಷ್ಟೋ ಏಕಾಕಿಯಾದದ್ದು. ಏಕೆಂದರೆ ಅದರ ಸೋಲು ಶಾಲೆಯ ನೂರಕ್ಕೆ ನೂರನ್ನು ಕೆಡಿಸಿದ ಅಪರಾಧವೆಂದೇ ಎಣಿಕೆಗೆ ಬರುತ್ತದೆ. ಇಂಥ ಮಗುವು ಒಂಬತ್ತನೆಯ ತರಗತಿಯಲ್ಲಿಯೇ ‘ಬೇರೆ ಶಾಲೆ ನೋಡಿಕೊಳ್ಳಿ’ ಎಂಬ ಸೂಚನೆಯನ್ನು ಪಡೆದರೆ, ಆ ಶಾಲೆಯ ಹೆಬ್ಬಾಗಿಲಿನಲ್ಲಿ ತೂಗುವ ನೂರರ ಫಲಕವು ನಕಲಿಗಿಂತ ಯಾವ ವಿಧದಲ್ಲಿ ಪ್ರಾಮಾಣಿಕವಾದದ್ದು?

ಸೋತವರನ್ನು ಎತ್ತಿ ನಿಲ್ಲಿಸಿದ ಚರಿತ್ರೆ ನಮಗಿಲ್ಲದಿಲ್ಲ. ಈ ತಾಲೂಕುಗಳಿಂದ ಓದು ನಿಂತು ಮುಂಬಯಿಗೆ ಹೋದ ಹುಡುಗರು, ಹಗಲೆಲ್ಲ ಹೋಟೆಲುಗಳಲ್ಲಿ ಲೋಟ ತೊಳೆದು ಟೇಬಲು ಒರಸಿ, ಸಂಜೆ ಕನ್ನಡದ ರಾತ್ರಿಶಾಲೆಗಳ ಬೆಂಚುಗಳಲ್ಲಿ ಕುಳಿತು ಮತ್ತೆ ಅಕ್ಷರವನ್ನು ಹಿಡಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಗುರುನಾರಾಯಣ ರಾತ್ರಿಶಾಲೆ ಮೊದಲಾದ ಸಂಸ್ಥೆಗಳು ಅಲ್ಲಿ ಮಾಡಿದ ಕಾರ್ಯವನ್ನು ಕರಾವಳಿಯ ಎಷ್ಟೋ ಮನೆತನಗಳು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತವೆ. ಆ ಶಾಲೆಗಳು ಸೋತ ಹುಡುಗನಿಗೆ ಅಂಕಗಳನ್ನು ದಾನ ಮಾಡಲಿಲ್ಲ; ದೀಪವನ್ನೂ ಬೆಂಚನ್ನೂ ಕಲಿಸುವ ಗುರುವನ್ನೂ ಒದಗಿಸಿ, ಇನ್ನೊಮ್ಮೆ ಕುಳಿತು ಬರೆಯೆಂದವು. ದಯೆಯು ಹಾಗಿರತಕ್ಕದ್ದು. ವರ್ಷಕ್ಕೆ ಮೂರು ಪರೀಕ್ಷೆಗಳನ್ನು ನಡೆಸಿ, ಮಗುವಿಗೆ ಹೆಚ್ಚಿನ ಅಂಕವನ್ನೇ ಉಳಿಸಿಕೊಳ್ಳುವ ಅವಕಾಶವನ್ನು ಕೊಟ್ಟ 2024ರ ಸುಧಾರಣೆಯನ್ನು ನಾನು ಹೃತ್ಪೂರ್ವಕವಾಗಿ ಒಪ್ಪುವುದೂ ಇದೇ ಕಾರಣಕ್ಕೆ. ಆದರೆ ಒಂದನೆಯ ಪರೀಕ್ಷೆಗೂ ಎರಡನೆಯದಕ್ಕೂ ನಡುವೆ ಕಲಿಸುವವರು ಯಾರೂ ಇಲ್ಲದಿದ್ದರೆ ಮೂರಲ್ಲ, ಮೂವತ್ತು ಪರೀಕ್ಷೆಗಳಿಂದಲೂ ಫಲವಿಲ್ಲ.

ಆದ್ದರಿಂದ ಸರಕಾರವನ್ನು ಕೇಳುವುದಿಷ್ಟು: ಕ್ಯಾಮೆರಾ ಇರಲಿ, ಕೃಪಾಂಕವು ಬೇರೆ ಹೆಸರಿನಿಂದ ಹಿಂತಿರುಗದಿರಲಿ, ಮಿತಿಯನ್ನು ಇಳಿಸಿ ಉಳಿಸಿಕೊಂಡ ಮಾನಕ್ಕಿಂತ, ಐದನೆಯ ತರಗತಿಯಿಂದಲೇ ಹಿಂದೆ ಬಿದ್ದವರಿಗೆ ಕಲಿಸತಕ್ಕ ಉಪಾಧ್ಯಾಯರ ನೇಮಕವು ಮುಂದಾಗಲಿ, ಜಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಸ್ಥಾನಗಳನ್ನು ಸಾರುವ ಪದ್ಧತಿಯನ್ನು ಕೈಬಿಡಲಿ. ಆದರೆ ಸರಕಾರಕ್ಕಾಗಿ ಕಾಯದೆ ನಾವೇ ಮಾಡಬಹುದಾದುದೂ ಇದೆ. ಪ್ರಥಮಸ್ಥಾನದ ರುಚಿಯನ್ನು ಕಂಡ ಜಿಲ್ಲೆಯೇ ಆ ಪಂದ್ಯವನ್ನು ಬಿಟ್ಟು ಹೊರಬಂದರೆ ಅದಕ್ಕೆ ಇರುವ ನೈತಿಕ ಬಲ ಬೇರೆ ಯಾರ ಮಾತಿಗೂ ಇರದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮುಖ್ಯೋಪಾಧ್ಯಾಯರೇ, ಶಾಲಾಭಿವೃದ್ಧಿ ಸಮಿತಿಯವರೇ, ನೂರರ ಫಲಕಗಳನ್ನು ಇಳಿಸಿ. ಪ್ರಾಜೆಕ್ಟುಗಳನ್ನು ಶಾಲೆಯಲ್ಲಿಯೇ, ನಿಮ್ಮ ಕಣ್ಣೆದುರಿನಲ್ಲಿಯೇ, ಮಕ್ಕಳ ಕೈಯಿಂದಲೇ ಮಾಡಿಸಿ. ತಿದ್ದಿದ ಉತ್ತರಪತ್ರಿಕೆಯನ್ನು ಹಿಂತಿರುಗಿಸಿದ ದಿನ ತಪ್ಪುಗಳ ಮೇಲೆಯೇ ಒಂದು ಪೂರ್ಣ ಅವಧಿಯನ್ನು ವಿನಿಯೋಗಿಸಿ. ತಂದೆತಾಯಿಗಳೇ, ಈ ಸಂಜೆ ಮಗುವಿನ ಪುಸ್ತಕದಲ್ಲಿ ತಪ್ಪು ಲೆಕ್ಕವನ್ನು ಕಂಡರೆ ರಬ್ಬರಿಗೆ ಕೈಹಾಕದೆ, ಹೀಗೇಕೆ ಬರೆದೆಯೆಂದು ಕೇಳಿ, ಉತ್ತರವನ್ನು ಪೂರ್ತಿಯಾಗಿ ಆಲಿಸಿರಿ.