ಕಾಪಿ ಮಾಡೋದಾದ್ರೆ ಪೂರ್ತಿ ಮಾಡಿ

ಲ್ಯಾಬ್ ರೆಕಾರ್ಡ್ ಕಾಪಿ ಮಾಡೋದ್ರಲ್ಲಿ ನಾವು ಎತ್ತಿದ ಕೈ. ಸೀನಿಯರ್ ರೆಕಾರ್ಡನ್ನು ಪಕ್ಕಕ್ಕಿಟ್ಟುಕೊಂಡು ಟೇಬಲ್ಲು, ಗ್ರಾಫು, ರಿಸಲ್ಟು ಎಲ್ಲ ಇಳಿಸ್ತೀವಿ. ಹೋದ ಸೆಮ್‌ನಲ್ಲಿ ನಮ್ಮ ಬ್ಯಾಚಿನ ಮೂರು ಜನ ಸೀನಿಯರ್ ಹಾಕಿದ್ದ ತಾರೀಖನ್ನೂ ಸೇರಿಸಿ ಇಳಿಸಿ ವೈವಾದಲ್ಲಿ ಸಿಕ್ಕಿಬಿದ್ದೆವು. ಸರ್ ಬೈಯಲಿಲ್ಲ. "ಕಾಪಿ ಮಾಡೋಕೂ ಅರ್ಥ ಆಗಿರ್ಬೇಕು ಕಣ್ರೋ" ಅಂದರು, ಅಷ್ಟೇ.

ಆ ಮಾತು ಮತ್ತೆ ನೆನಪಾಗಿದ್ದು ಬೇರೆಯದೇ ಒಂದು ವಿಷಯ ಓದುವಾಗ. ಅಮೆರಿಕದಲ್ಲಿ ನೂರು ವರ್ಷಕ್ಕೂ ಹಳೆಯ ಪುಟ್ಟ ರೈಫಲ್‌ಗಳನ್ನು ಈಗ ಹೊಸದಾಗಿ ಮಾಡಿ ಮಾರ್ತಾರೆ. ಒಂದು ಸಲಕ್ಕೆ ಒಂದೇ ತೋಟಾ ಹಾಕೋ ರೈಫಲ್‌ಗಳು. ನಮ್ಮಲ್ಲಿ ಕೆಲವರು ಎನ್‌ಸಿಸಿಯವರು. ಕ್ಯಾಂಪಿನಲ್ಲಿ 'ಪಾಯಿಂಟ್ ಟೂ ಟೂ' ಹೊಡೆದು ಬಂದ ಮೇಲೆ ಹುಟ್ಟಿದ ಕುತೂಹಲ ಇದು.

ಪಾಯಿಂಟ್ ಟೂ ಟೂ ಅಂದರೆ ಗುಂಡಿನ ಅಗಲ ಸುಮಾರು 0.22 ಇಂಚು. ತೋಟಾದ ತಳದ ಅಂಚಿನೊಳಗೇ ಕಿಡಿ ಹೊತ್ತಿಸೋ ಮದ್ದು ಇರುತ್ತೆ. ಪಿನ್ನು ಬಂದು ಆ ಅಂಚಿಗೆ ಹೊಡೆದರೆ ಸಾಕು. ಅದಕ್ಕೇ ರಿಮ್‌ಫೈರ್ ಅನ್ನೋ ಹೆಸರು. ಸ್ಮಿತ್ ಅಂಡ್ ವೆಸನ್ 1857ರಲ್ಲಿ ಇದರ ಚಿಕ್ಕ ರೂಪ ತಂದಿತು. ಇವತ್ತು ಎಲ್ಲ ಕಡೆ ನಡೆಯೋ 'ಲಾಂಗ್ ರೈಫಲ್' ತೋಟಾ ಬಂದಿದ್ದು 1887ರಲ್ಲಿ, ಮ್ಯಾಸಚೂಸೆಟ್ಸ್‌ನ ಸ್ಟೀವನ್ಸ್ ಕಂಪನಿಯಿಂದ. ಅದೇ ಕಂಪನಿ 1890ರ ದಶಕದಲ್ಲಿ 'ಫೇವರಿಟ್' ಅನ್ನೋ ಹಗುರ ರೈಫಲ್ ಮಾಡಿತು. ಹಳ್ಳಿ ಹುಡುಗರ ಮೊದಲ ರೈಫಲ್ ಅಂತ ಹೆಸರಾದದ್ದು ಅದು.

ಇನ್ನೊಬ್ಬ ನಮ್ಮ ಹೀರೋ ಜಾನ್ ಬ್ರೌನಿಂಗ್. ಯೂಟಾದ ಆಗ್ಡೆನ್ ಊರಿನವನು. 1879ರಲ್ಲಿ ಒಂದೇ ಗುಂಡಿನ ರೈಫಲ್‌ಗೆ ಪೇಟೆಂಟ್ ಸಿಕ್ಕಾಗ ಅವನಿಗೆ 24 ವರ್ಷ, ನಮಗಿಂತ ಐದೇ ವರ್ಷ ದೊಡ್ಡವನು. ವಿಂಚೆಸ್ಟರ್ ಕಂಪನಿ ಆ ಡಿಸೈನ್ ಕೊಂಡುಕೊಂಡು 1885ರ ಮಾಡೆಲ್ ಅಂತ ಮಾರಿತು. ಕೆಳಗಿನ ಲಿವರ್ ಎಳೆದರೆ ಉಕ್ಕಿನ ಬ್ಲಾಕ್ ಒಂದು ಕೆಳಕ್ಕೆ ಜಾರಿ ಬ್ಯಾರಲ್‌ನ ಹಿಂಬಾಗಿಲು ತೆರೆಯುತ್ತೆ. ತೋಟಾ ಇಟ್ಟು ಲಿವರ್ ಮುಚ್ಚಿದರೆ ಬ್ಲಾಕ್ ಮೇಲೆ ಬಂದು ಬಾಗಿಲು ಭದ್ರ. ಸಣ್ಣ ತೋಟಾಗಳಿಗೆ ಅಂತಲೇ ಇದರಲ್ಲಿ 'ಲೋ ವಾಲ್' ಅನ್ನೋ ಮಾದರಿ ಇತ್ತು. ಪಕ್ಕದ ಗೋಡೆ ತಗ್ಗಾಗಿರೋದ್ರಿಂದ ಬೆರಳಲ್ಲಿ ತೋಟಾ ತಳ್ಳೋದು ಸುಲಭ.

ಲೋ ವಾಲ್ ಜಪಾನಿನ ಮಿರೋಕು ಕಾರ್ಖಾನೆಯಿಂದ ಮತ್ತೆ ಹೊಸದಾಗಿ ಬಂತು. ಸ್ಟೀವನ್ಸ್ ಕಂಪನಿಯನ್ನು 1920ರಲ್ಲಿ ಕೊಂಡಿದ್ದ ಸ್ಯಾವೇಜ್, ಸುಮಾರು 2000ದ ಹೊತ್ತಿಗೆ ಫೇವರಿಟ್‌ಗೂ ಮರುಜನ್ಮ ಕೊಟ್ಟಿತು.

ಇಲ್ಲಿಂದ ಜಗಳ ಶುರು. ಹಳೇ ಬಂದೂಕು ಪ್ರಿಯರಿಗೆ ನಕಲು ಅಂದರೆ ಒಂದು ಸ್ಕ್ರೂ ಕೂಡ ಬದಲಾಗಬಾರದು. ಬ್ರೌನಿಂಗ್‌ನದೇ 1892ರ ಲಿವರ್ ರೈಫಲ್ ಮಿರೋಕುವಿನಿಂದ ಬಂದಾಗ ಅದರ ಹಿಂಭಾಗದಲ್ಲಿ ಮೂಲದಲ್ಲಿಲ್ಲದ ಒಂದು ಸೇಫ್ಟಿ ಬಟನ್ ಇತ್ತು. ಅದಕ್ಕೆ ಇವತ್ತಿಗೂ ಬೈಗುಳ ನಿಂತಿಲ್ಲ.

ನಾವು ಬಟನ್ ಪರ. ಮೆಕ್ಯಾನಿಕಲ್‌ನವರಾಗಿ ಹೇಳ್ತೀವಿ, ಹೂಬಹೂ ನಕಲು ಅನ್ನೋದು ಅರ್ಧ ಸುಳ್ಳು. ಆಗಿನ ರೈಫಲ್‌ಗಳು ಕಪ್ಪುಮದ್ದಿನ ಕಾಲದ ಮೆದು ಉಕ್ಕಿನವು. ಇವತ್ತಿನ ವೇಗದ ತೋಟಾಗಳನ್ನು ಅವುಗಳಲ್ಲಿ ಹೊಡೆಯಬೇಡಿ ಅಂತ ಬಲ್ಲವರೇ ಹೇಳ್ತಾರೆ, ಜಾಯಿಂಟ್ ಸಡಿಲ ಆಗುತ್ತೆ. ಅಂದಮೇಲೆ ಹೊಸ ನಕಲು ಹೊರಗಿನಿಂದ ಹಾಗೇ ಕಂಡರೂ ಒಳಗಿನ ಉಕ್ಕು ಬೇರೆಯೇ ಆಗಿರಬೇಕು. ಉಕ್ಕು ಬದಲಾದಾಗ ಸುಮ್ಮನಿದ್ದವರು ಬಟನ್ ಕಂಡ ತಕ್ಷಣ ಅಪಚಾರ ಅಂದ್ರೆ ಹೇಗೆ? ಕಣ್ಣಿಗೆ ಕಾಣೋದು ಮಾತ್ರ ಪರಂಪರೆನಾ?

ಆದರೆ ಬಟನ್ ಒಂದೇ ಸಾಕು ಅಂತಲೂ ನಾವು ಹೇಳಲ್ಲ. 2013ರಲ್ಲಿ ಕೆಂಟಕಿ ರಾಜ್ಯದಲ್ಲಿ ಐದು ವರ್ಷದ ಹುಡುಗನ ಕೈಯಲ್ಲಿದ್ದ ರೈಫಲ್‌ನಿಂದ ಗುಂಡು ಹಾರಿ ಅವನ ಎರಡು ವರ್ಷದ ತಂಗಿ ತೀರಿಕೊಂಡಳು. ಮಕ್ಕಳ ಅಳತೆಗೇ ಮಾಡಿದ, ಒಂದೇ ಗುಂಡಿನ ಪಾಯಿಂಟ್ ಟೂ ಟೂ ಅದು. ಅವನಿಗೆ ಉಡುಗೊರೆಯಾಗಿ ಬಂದಿದ್ದು. ಮನೆಯ ಮೂಲೆಯಲ್ಲಿತ್ತು. ಒಳಗೆ ತೋಟಾ ಉಳಿದಿದೆ ಅಂತ ಮನೆಯವರಿಗೆ ಗೊತ್ತಿರಲಿಲ್ಲ ಅಂತ ವರದಿಯಾಯ್ತು. ಅದು ಯಾವ ಹಳೇ ಮಾಡೆಲ್‌ನ ನಕಲೂ ಅಲ್ಲ, ಆದರೆ ಫೇವರಿಟ್‌ನ ವಂಶದ್ದೇ. 'ಹುಡುಗನ ಮೊದಲ ರೈಫಲ್' ಅನ್ನೋ ಕಲ್ಪನೆಯನ್ನು ಹಾಗೇ ಇಳಿಸಿಕೊಂಡದ್ದು. ಒಂದೇ ಗುಂಡು ತಾನೇ ಅಂತೀವಿ. ಆ ಮನೆಗೆ ಒಂದೇ ಸಾಕಾಯ್ತು.

ನಮ್ಮ ಫೈರಿಂಗ್ ರೇಂಜಿನಲ್ಲಿ ಏನಾಗುತ್ತೆ ಅಂತ ಹೇಳ್ತೀವಿ ಕೇಳಿ. ತೋಟಾ ಎಣಿಸಿ ಕೊಡ್ತಾರೆ. ಉಸ್ತಾದ್ ತಲೆಯ ಹಿಂದೆಯೇ ನಿಂತಿರ್ತಾರೆ. ಹೊಡೆದಾದ ಮೇಲೆ "ಖಾಲಿ ಕರ್" ಅಂತ ಕೂಗಿ, ಬೋಲ್ಟ್ ತೆರೆಸಿ, ಒಳಗೆ ಏನೂ ಇಲ್ಲ ಅಂತ ತಾವೇ ನೋಡ್ತಾರೆ. ಖಾಲಿ ಕೇಸ್ ಒಂದು ಕಮ್ಮಿಯಾದರೂ ಹುಲ್ಲಲ್ಲಿ ಹುಡುಕಲೇಬೇಕು. ಮೊದಲ ಸಲ ನಮಗೆ ಇದೆಲ್ಲ ಅತಿ ಅನ್ನಿಸಿತ್ತು. ಐದು ಗುಂಡಿಗೆ ಇಷ್ಟು ರಗಳೆನಾ ಅಂತ. ಈಗ ಹಾಗೆ ಅನ್ನಿಸಲ್ಲ.

ಹಳೇ ರೈಫಲ್‌ನಲ್ಲಿ ಉಳಿಸಿಕೊಳ್ಳಬೇಕಾದ್ದು ಖಂಡಿತ ಇದೆ. ಇರೋದು ಒಂದೇ ಗುಂಡು ಅಂದರೆ ಉಸಿರು ಹಿಡಿದು, ನೋಡಿ, ಯೋಚಿಸಿ ಟ್ರಿಗರ್ ಒತ್ತಬೇಕು. ಆ ಶಿಸ್ತು, ಬ್ರೌನಿಂಗ್‌ನ ಆ ಜಾರೋ ಬ್ಲಾಕ್‌ನ ಸರಳತೆ, ಇವನ್ನು ಕಾಪಿ ಮಾಡಿ, ನಾವೂ ಚಪ್ಪಾಳೆ ತಟ್ತೀವಿ. ಆದರೆ ಮರ, ಉಕ್ಕು, ಲಿವರ್ ಇಳಿಸಿಕೊಂಡು ಪಕ್ಕದಲ್ಲಿ ನಿಂತಿರಬೇಕಾದ ದೊಡ್ಡವರನ್ನು ಬಿಟ್ಟುಬಿಟ್ಟರೆ, ಅದು ನಾವು ತಾರೀಖು ಸೇರಿಸಿ ಇಳಿಸಿದ ರೆಕಾರ್ಡಿನ ಥರವೇ. ನಮ್ಮ ರೆಕಾರ್ಡಿಗೆ ಹೋಗಿದ್ದು ಐದು ಮಾರ್ಕು ಮಾತ್ರ.